ನಲವತ್ತೆರಡು ಮಂದಿಯ ಒಂದೇ ಸಾಲು

ಬ್ಯಾಡಗಿಯಲ್ಲಿ ಸೀನಿದರೆ ಯಾರೂ ಅಪಶಕುನ ಅನ್ನುವುದಿಲ್ಲ. ಹಾಗಂದುಕೊಂಡರೆ ಊರಿನಲ್ಲಿ ಒಂದು ಕೆಲಸವೂ ಮುಂದೆ ಸಾಗುವುದಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಇಲ್ಲಿ ತಾಳಿ ಕಟ್ಟುವ ವರನೂ ಸೀನುತ್ತಾನೆ, ಮಂತ್ರ ಹೇಳುವ ಅಯ್ಯನೂ ಸೀನುತ್ತಾನೆ. ಮದುವೆ ಮಾತ್ರ ನಡೆದುಬಿಡುತ್ತದೆ.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಹೊರಗಿನವರು ಹೇಳುತ್ತಾರೆ. ಹಾಗೆ ಹೇಳುವವರನ್ನು ಒಂದು ದಿನ ನಮ್ಮ ಮೆಣಸಿನಕಾಯಿ ಘಟಕಕ್ಕೆ ಕರೆಸಿ ತುಂಬು ಬಿಡಿಸಲು ಕೂರಿಸಬೇಕು. ತುಂಬು ಅಂದರೆ ಕಾಯಿಯ ತೊಟ್ಟು. ಎಡಗೈಯಲ್ಲಿ ಕಾಯಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ತುಂಬು ಮುರಿದು, ಕಾಯಿ ಬುಟ್ಟಿಗೆ, ತುಂಬು ಹಿಂದಕ್ಕೆ. ಮತ್ತೆ ಇನ್ನೊಂದು. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಇಷ್ಟೇ ಕೆಲಸ. ಹನ್ನೊಂದು ಗಂಟೆಗೆ ಉಗುರಿನ ಸಂದು ಉರಿಯಲು ಶುರುವಾಗುತ್ತದೆ. ಊಟದ ಹೊತ್ತಿಗೆ ಅಂಗೈ. ರೊಟ್ಟಿ ಮುರಿದರೆ ರೊಟ್ಟಿಗೆ ಖಾರ, ಕಣ್ಣು ಒರೆಸಿದರೆ ಕಣ್ಣಿಗೆ ಖಾರ. ಕೂಸಿಗೆ ಹಾಲು ಕುಡಿಸುವ ತಾಯಂದಿರ ಪಾಡು ಕೇಳಲೇಬೇಡಿ. ಸೆರಗಿಗೆ ಒರೆಸಿಕೊಂಡರಾಯಿತು ಅಂತೀರೋ? ಸೆರಗೂ ಖಾರವೇ.

ನನ್ನ ಹೆಸರು ದುರ್ಗಾ. ಆ ಘಟಕದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ನಮ್ಮವ್ವ ಮಂಗಳವ್ವ ಇಪ್ಪತ್ತು ವರ್ಷ ಅದೇ ನೆಲದ ಮೇಲೆ ಕೂತು ತುಂಬು ಬಿಡಿಸಿದಳು. ಶಾಲೆ ಇಲ್ಲದ ದಿನ ನಾನೂ ಅವಳ ಪಕ್ಕ ಕೂತು ಬಿಡಿಸಿದ್ದೇನೆ. ಆಮೇಲೆ ಬಿ.ಕಾಂ. ಆಯಿತು, ಆಫೀಸಿನಲ್ಲಿ ಒಂದು ಕುರ್ಚಿ ಸಿಕ್ಕಿತು, ತಲೆಯ ಮೇಲೆ ಫ್ಯಾನು ಸಿಕ್ಕಿತು. ಕುರ್ಚಿ ಸಿಕ್ಕವರಿಗೆ ನೆಲ ಬಹಳ ಬೇಗ ಮರೆಯುತ್ತದೆ. ನನಗೂ ಮರೆಯಿತು. ಮುಚ್ಚಿಡುವುದೇನಿದೆ, ಈ ಕಥೆ ಹೇಳುತ್ತಿರುವುದೇ ಅದಕ್ಕೆ.

ಘಟಕದಲ್ಲಿ ನಲವತ್ತೆರಡು ಹೆಂಗಸರು. ಊರಿನ ಓಣಿಗಳಿಂದ ಕೆಲವರು, ಕಾಗಿನೆಲೆ ಕಡೆಯಿಂದ ಬಸ್ಸು ಹತ್ತಿ ಬರುವವರು ಕೆಲವರು. ಅವರಲ್ಲಿ ಹಿರಿಯಳು ಮುತ್ತವ್ವ. ಐವತ್ತೈದರ ಆಸುಪಾಸು. ಹಣೆ ತುಂಬ ಕುಂಕುಮ, ಬಾಯಿ ತುಂಬ ಎಲೆ ಅಡಿಕೆ, ಉಳಿದ ಜಾಗದಲ್ಲೆಲ್ಲ ಮಾತು. ಅವಳ ಪಕ್ಕಕ್ಕೆ ರಸೂಲಬಿ. ರಸೂಲಬಿಯದು ಕಡಿಮೆ ಮಾತು, ಆದರೆ ಒಂದು ಆಡಿದರೆ ಮುತ್ತವ್ವನ ಹತ್ತಕ್ಕೆ ಸಮ.

ಅವರಲ್ಲಿ ಒಂದು ರೂಢಿ ಇದೆ. ಯಾರಾದರೂ ಕೂಸಿಗೆ ಹಾಲು ಕುಡಿಸಲು ಎದ್ದು ಹೋದರೆ, ಇಲ್ಲ ಹೊಟ್ಟೆನೋವು ಅಂತ ಗೋಡೆಗೆ ಒರಗಿದರೆ, ಉಳಿದವರು ಒಂದೊಂದು ಹಿಡಿ ಕಾಯಿ ಅವಳ ಬುಟ್ಟಿಗೆ ಹಾಕುತ್ತಾರೆ. ಹಾಕು ಅಂತ ಯಾರೂ ಹೇಳುವುದಿಲ್ಲ, ಹಾಕಿದೆ ಅಂತ ಯಾರೂ ಹೇಳಿಕೊಳ್ಳುವುದಿಲ್ಲ. ಅವಳು ತಿರುಗಿ ಬರುವಷ್ಟರಲ್ಲಿ ಬುಟ್ಟಿ ಎಲ್ಲರ ಬುಟ್ಟಿಯ ಮಟ್ಟಕ್ಕೆ ಇರುತ್ತದೆ. ನನ್ನ ಪರೀಕ್ಷೆಯ ದಿನಗಳಲ್ಲಿ ನಮ್ಮವ್ವನ ಬುಟ್ಟಿಗೆ ಮುತ್ತವ್ವನ ಹಿಡಿ ಎಷ್ಟು ಸಲ ಬಿದ್ದಿತ್ತೋ, ಲೆಕ್ಕ ಇಟ್ಟವರಿಲ್ಲ.

ಘಟಕದ ಯಜಮಾನರು ವಿಜಯಮಹಾಂತೇಶ. ಎಲ್ಲರೂ ಸಾವಕಾರ್ರು ಅನ್ನುತ್ತೇವೆ. ನಲವತ್ತರ ವಯಸ್ಸು, ಇಸ್ತ್ರಿ ಅಂಗಿ, ನಗುಮುಖ. ಅವರ ತಂದೆ ಬೈಯುತ್ತಿದ್ದರಂತೆ, ಮಗ ಬೈಯುವುದಿಲ್ಲ. ಬೈಯುವ ಕೆಲಸವನ್ನು ಮಷೀನಿಗೆ ಬಿಟ್ಟುಕೊಟ್ಟಿದ್ದಾರೆ. ಗೇಟಿನಲ್ಲಿ ಬೆರಳಿಡುವ ಮಷೀನು. ಬೆರಳಿಟ್ಟರೆ ಹಸಿರು ದೀಪ ಬರಬೇಕು, ಆಗ ಕಾವಲಿನ ಅಲ್ಲಾಬಕ್ಷ ಗೇಟು ತೆಗೆಯುತ್ತಾನೆ. ಹತ್ತು ನಿಮಿಷ ತಡವಾದರೆ ಕೆಂಪು. ಕೆಂಪು ಬಂದವರು ಅರ್ಧ ದಿನ ಹೊರಗೆ. ಹೋಗಿ ಕೇಳಿದರೆ ಸಾವಕಾರ್ರು ಎರಡೂ ಕೈ ಎತ್ತಿ ನಗುತ್ತಾರೆ.

"ನಾನರ ಏನ್ ಮಾಡ್ಲಿ ಯಕ್ಕಾ? ಮಷೀನ ಒಪ್ಪವಲ್ದು. ಅದು ಒಪ್ಪಿದ್ರ ನಾ ಯಾರು ಬ್ಯಾಡನ್ನಾಕ?"

ಆ ಮಷೀನಿನ ಹಿಂದೆ ಇರುವುದು ರಾಣೆಬೆನ್ನೂರಿನ ಕಿರಣಕುಮಾರ ಮಾಡಿಕೊಟ್ಟ ಒಂದು ವೆಬ್‌ಸೈಟು. ಸಾವಕಾರ್ರು ಅವನೊಂದಿಗೆ ಚೌಕಾಸಿ ಮಾಡಿ ಮಾಡಿ, ಇದ್ದ ಅನುಕೂಲಗಳನ್ನೆಲ್ಲ ಕಡಿತ ಮಾಡಿಸಿದ್ದರು. ಹೊಸಬರನ್ನು ಸೇರಿಸಲು ಒಂದು ಗುಂಡಿ, ಬಿಟ್ಟವರನ್ನು ತೆಗೆಯಲು ಒಂದು ಗುಂಡಿ, ಅವೆಲ್ಲ ಬೇಡವೆಂದಿದ್ದರು. ಉಳಿದದ್ದು ಒಂದೇ ಫಾರ್ಮು. ಅದರಲ್ಲಿ ಒಂದು ದೊಡ್ಡ ಚೌಕ. ಚೌಕದಲ್ಲಿ ಇಡೀ ಗುಂಪು ಒಂದೇ ಉದ್ದ ಸಾಲಾಗಿ ಬಿದ್ದುಕೊಂಡಿರುತ್ತದೆ. ಸಾಲಿನ ತಲೆಯಲ್ಲಿ ನಲವತ್ತೆರಡು ಅಂತ ಅಂಕಿ. ಆಮೇಲೆ ಒಂದು ಕಂಸ. ಕಂಸದೊಳಗೆ ಒಬ್ಬೊಬ್ಬರ ಹೆಸರು, ಊರು, ಬೆರಳಿನ ಗುರುತು, ನಡುವೆ ಚುಕ್ಕೆ, ಗೆರೆ, ಕೊಕ್ಕೆ. ಹೆಸರಿಗೆ ಹೆಸರು ಅಂಟಿಕೊಂಡು ಸಾಲು ಪರದೆಯ ಆಚೆಗೂ ಹರಿದು ಹೋಗುತ್ತದೆ. ಕೆಳಗೆ 'ಉಳಿಸು' ಅಂತ ಒಂದು ಗುಂಡಿ.

"ಇದನ್ನ ಸುಮ್ಮಸುಮ್ಮಕ ಮುಟ್ಟಬ್ಯಾಡ್ರಿ ಮೇಡಂ," ಅಂತ ಕಿರಣಕುಮಾರ ಮೊದಲನೇ ದಿನವೇ ಹೇಳಿದ್ದ. "ಮುಟ್ಟಿದ್ರೂ ನನಗೊಂದ ಮಾತು ಕೇಳಿ ಮುಟ್ರಿ."

ಮುಟ್ಟುವ ದಿನ ಬಂತು. ಅದಕ್ಕೆ ಕಾರಣ ಒಂದು ನಲ್ಲಿ.

ದೂರದಿಂದ ಕಾಯಿ ಕೊಳ್ಳುವ ಕಂಪನಿಯವರು ಘಟಕ ನೋಡಲು ಬರುತ್ತಾರೆ. ಅವರಿಗಾಗಿ ಸಾವಕಾರ್ರು ಎರಡು ಸುಗ್ಗಿಯ ಹಿಂದೆಯೇ ಗೋಡೆಗೆ ಬಿಳಿ ಟೈಲ್ಸು ಹಚ್ಚಿಸಿ, ಹೊಳೆಯುವ ನಲ್ಲಿ ಕೂರಿಸಿ, ಸಾಬೂನಿನ ಡಬ್ಬಿ ಇಟ್ಟು, 'ಕೈ ತೊಳೆಯುವ ಸ್ಥಳ' ಅಂತ ಬೋರ್ಡು ಹಾಕಿಸಿದ್ದರು. ಎಲ್ಲ ಇತ್ತು, ಗೋಡೆಯ ಹಿಂದೆ ಪೈಪು ಮಾತ್ರ ಇರಲಿಲ್ಲ. ಹೆಂಗಸರು ಕೇಳಿದಾಗೆಲ್ಲ, "ನೀರ ಸಿಡಿದ್ರ ಕಾಯಿಗೆ ಬೂಷ್ಟ ಹಿಡೀತೈತ್ರಿ, ಸುಗ್ಗಿ ಮುಗೀಲಿ," ಅನ್ನುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಕೇಳುವವರೇ ಇರುವುದಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಕಂಪನಿಯವರು ಮೂರು ಜನ ಬಂದರು. ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಕಾಗದ. ಅವರಲ್ಲಿ ಒಬ್ಬಾಕೆ, ಶೀಲಾ ಅಂತ, ಕೇಳಿದಳು, "ಕೆಲಸದವರಿಗೆ ಕೈ ತೊಳೆಯೋಕೆ ವ್ಯವಸ್ಥೆ ಇದೆಯಾ?"

"ಅಲ್ಲೇ ಐತಲ್ರಿ ಮೇಡಂ," ಅಂತ ಸಾವಕಾರ್ರು ದೂರದಿಂದ ಬೋರ್ಡು ತೋರಿಸಿದರು.

ಮುತ್ತವ್ವ ಬುಟ್ಟಿ ಸರಿಸಿ ಎದ್ದಳು. "ಬರ್ರಿ ಯವ್ವಾ, ನಾ ತೋರಸ್ತೇನಿ. ಸಾವಕಾರ್ರು ಭಾಳ ಚಂದ ಮಾಡಿಸ್ಯಾರ."

ಹೋದಳು. ನಲ್ಲಿ ತಿರುವಿದಳು. ಇನ್ನಷ್ಟು ತಿರುವಿದಳು. ನೀರು ಬರಲಿಲ್ಲ, ನಲ್ಲಿಯೇ ಕಿತ್ತುಕೊಂಡು ಅವಳ ಕೈಗೆ ಬಂತು. ಅದನ್ನು ಎತ್ತಿ ಹಿಡಿದು ನೋಡಿದಳು.

"ಸಾವಕಾರ್ರ, ನಲ್ಲಿ ಹುಟ್ಟೇತ್ರಿ. ನೀರ ಇನ್ನೂ ಹುಟ್ಟಿಲ್ಲ."

ಹೆಂಗಸರ ನಗು ತಗಡಿನ ಮಾಡಿಗೆ ಹೊಡೆಯಿತು. ನಗುತ್ತ ಸೀನಿದರು, ಸೀನುತ್ತ ನಕ್ಕರು. ಕಿಟಕಿಯಲ್ಲಿ ನಿಂತು ನಾನೂ ನಕ್ಕೆ. ಶೀಲಾ ನಗಲಿಲ್ಲ, ಕಾಗದದಲ್ಲಿ ಏನೋ ಬರೆದುಕೊಂಡಳು.

"ಉಪ್ಪು ತಿಂದಾಂವ ನೀರ ಕುಡೀಬೇಕಂತಾರ," ಅಂದಳು ಮುತ್ತವ್ವ ಅವಳಿಗೆ. "ಖಾರ ಮುಟ್ಟಿದಾಕಿಗೆ ನೀರ ಬ್ಯಾಡೇನ್ರಿ?"

ಅವತ್ತು ಸಂಜೆ ಹೆಂಗಸರೆಲ್ಲ ಹೋದ ಮೇಲೆ ಸಾವಕಾರ್ರು ಆಫೀಸಿಗೆ ಬಂದರು. ಆಗಲೂ ನಗುಮುಖವೇ.

"ದುರ್ಗಾ, ಮುತ್ತವ್ವನ ಹೆಸರು ತಗದಬಿಡು."

"ಯಾಕ್ರಿ?"

"ಯಾಕ ಅಂತ ನಿನಗೂ ಗೊತ್ತೈತಿ. ನಾಳೆ ಬರ್ತಾಳ, ಬೆರಳ ಇಡ್ತಾಳ, ಕೆಂಪು ಬರ್ತೈತಿ. ನಾಡಿದ್ದೂ ಕೆಂಪು. ನಾಕ ದಿನ ನೋಡಿ ತಾನ ಬರೂದು ಬಿಡ್ತಾಳ. ನಾಳೆ ಹಾವೇರಿಯಿಂದ ಕಾರ್ಮಿಕ ಇಲಾಖೆಯವರು ಬಂದು ಕೇಳಿದ್ರೂ ನಾವು ಕೆಲಸ ಬಿಡಿಸಿಲ್ಲ. ಮಷೀನ ಒಪ್ಪಿಲ್ಲ, ಅಷ್ಟ."

"ಹಿರೇ ಮನಿಷ್ಯಾಳು ಅದಾಳ್ರಿ…"

"ಹಿರೇರಿಗೆ ವಿಶ್ರಾಂತಿ ಬೇಕಲ್ಲ?" ಅಂದರು. ಆಮೇಲೆ ನನ್ನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು. "ಈ ಕುರ್ಚಿಗೆ ಬಿ.ಕಾಂ. ಆದವರು ಬ್ಯಾಡಗ್ಯಾಗ ಭಾಳ ಮಂದಿ ಅದಾರ."

ನಾನು ಫಾರ್ಮು ತೆರೆದೆ. ಉದ್ದ ಸಾಲಿನಲ್ಲಿ ಮುತ್ತವ್ವನನ್ನು ಹುಡುಕಿದೆ. ಏಳನೆಯವಳು. ಅವಳ ಚುಕ್ಕೆಯಿಂದ ಅವಳ ಕೊಕ್ಕೆಯ ತನಕ ನೀಲಿ ಮಾಡಿ ಅಳಿಸಿದೆ. ರಸೂಲಬಿಯ ಹೆಸರು ಸರಕ್ಕನೆ ಮುಂದೆ ಬಂದು ಜಾಗ ತುಂಬಿತು. ತುಂಬು ಬಿಡಿಸಿ ಬೆಳೆದ ಕೈ ನನ್ನದು. ತುಂಬು ಮುರಿದು ಎಸೆದರೆ ಕಾಯಿಗೇನೂ ಆಗುವುದಿಲ್ಲ. ಎಷ್ಟು ಎಸೆದೆ ಅಂತ ಚೀಲದ ಮೇಲೆ ಯಾರೂ ಬರೆಯುವುದಿಲ್ಲ. ಇದೂ ಹಾಗೇ ಅಂದುಕೊಂಡೆ. 'ಉಳಿಸು' ಒತ್ತಿದೆ. 'ಬದಲಾವಣೆ ಉಳಿಸಲಾಗಿದೆ' ಅಂತ ಬಂತು. ಕಿರಣಕುಮಾರನನ್ನು ಕೇಳಬೇಕು ಅನ್ನುವುದು ನೆನಪಾಗಲೇ ಇಲ್ಲ. ಲಗೂ ಮುಗಿದರೆ ಸಾಕಾಗಿತ್ತು.

ಮನೆಗೆ ಹೋದರೆ ಅವ್ವ ಕೇಳಿದಳು, "ಮುತ್ತವ್ವ ಆರಾಮ ಅದಾಳಿಲ್ಲ?" ನಾನು ಹೂಂ ಅಂದೆ. ಅರ್ಧ ರೊಟ್ಟಿ ಬಿಟ್ಟು ಎದ್ದೆ. ನಾಚಿಕೆಯಾಗಿತ್ತು, ಇನ್ನೇನಲ್ಲ.

ಮರುದಿನ ನಾನು ಹೋಗುವಷ್ಟರಲ್ಲಿ ಗೇಟಿನ ಮುಂದೆ ಹೆಂಗಸರು ಸಾಲು ನಿಂತಿದ್ದರು. ಮುತ್ತವ್ವ ಎಲ್ಲರಿಗಿಂತ ಮುಂದೆ. ಬೆರಳಿಟ್ಟಳು. ಕೆಂಪು. ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಕೆಂಪು.

"ಸರೀ ಇಡು ಯಕ್ಕಾ," ಅಂದ ಅಲ್ಲಾಬಕ್ಷ.

"ಇದಕ್ಕಿಂತ ಸರೀ ಬೆರಳ ಎಲ್ಲಿಂದ ತರ್ಲಿ? ಹುಟ್ಟಿದಾಗಿಂದ ಇದ ಐತಿ."

"ಹಂಗಾರ ಸ್ವಲ್ಪ ಬಾಜೂಕ ನಿಂದ್ರು. ರಸೂಲಬಿ ಆಪಾ, ನೀ ಬಾ."

ರಸೂಲಬಿ ಬೆರಳಿಟ್ಟಳು. ಕೆಂಪು. ಕೂಸಿನ ತಾಯಿ ಸುರೇಖಾ ಇಟ್ಟಳು. ಕೆಂಪು. ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಕೆಂಪು, ಕೆಂಪು, ಕೆಂಪು. ಅಲ್ಲಾಬಕ್ಷ ಕನ್ನಡಕ ಏರಿಸಿ ಮಷೀನಿನ ಮೇಲಿನ ಅಕ್ಷರ ಓದಿದ.

"ಈ ಗುಂಪಿನಾಗ ಯಾರೂ ಇಲ್ಲ ಅಂತ ಬರದೈತಿ."

"ಯಾರೂ ಇಲ್ಲೇನು?" ಮುತ್ತವ್ವ ಹಿಂದೆ ತಿರುಗಿ ನೋಡಿದಳು. "ಏನ್ರೇ, ಎಲ್ಲಾರೂ ಸತ್ತೀರೇನ? ಒಂದ ಮಾತು ಹೇಳಿ ಸಾಯಬಾರದ?"

ಮತ್ತೆ ನಗು. 

ಸಾವಕಾರ್ರು ಓಡಿ ಬಂದರು. ಅವತ್ತು ಮಧ್ಯಾಹ್ನ ಕಂಪನಿಯ ಲಾರಿ ತುಂಬಬೇಕಿತ್ತು. ಅರ್ಧದಷ್ಟು ಕಾಯಿಯ ತುಂಬು ಇನ್ನೂ ಬಿಡಿಸಿರಲಿಲ್ಲ. ಸಾಲದ್ದಕ್ಕೆ ಯಾವ ಗುಂಪು, ಯಾರು ಯಾರು ಬಿಡಿಸಿದ ಕಾಯಿ ಅನ್ನುವ ಚೀಟಿ ಪ್ರತಿ ಚೀಲಕ್ಕೂ ಅಂಟಿಸಬೇಕು. ಆ ಚೀಟಿ ಮುದ್ರಣವಾಗುವುದು ಅದೇ ಉದ್ದ ಸಾಲಿನಿಂದ. ಗುಂಪು ಇಲ್ಲದಿದ್ದರೆ ಚೀಟಿ ಇಲ್ಲ, ಚೀಟಿ ಇಲ್ಲದ ಚೀಲ ಲಾರಿ ಹತ್ತುವುದಿಲ್ಲ.

"ಮಷೀನಿಗೆ ಏನೋ ಆಗೇತಿ," ಅಂದರು. "ಬರ್ರಿ, ಎಲ್ಲಾರೂ ಹಂಗ ಒಳಗ ಬರ್ರಿ. ಮುತ್ತವ್ವಾ, ನೀ ಸ್ವಲ್ಪ ನಿಂದ್ರು."

ಅಲ್ಲಿಗೆ ನಗು ನಿಂತಿತು. ರಸೂಲಬಿ ಒಂದು ಹೆಜ್ಜೆ ಒಳಗಿಟ್ಟವಳು ಹಿಂದೆ ಸರಿದಳು.

"ಎಲ್ಲಾರಿಗೂ ಕೆಂಪು ಬಂದೈತ್ರಿ. ಆಕೀನ ಒಬ್ಬಾಕಿನ್ನ ಯಾಕ ನಿಂದರಸ್ತೀರಿ?"

"ಆಕೀದು ಬ್ಯಾರೆ ಐತಿ."

"ಬ್ಯಾರೆ ಅಂದ್ರ ಏನ್ರಿ?"

ಸಾವಕಾರ್ರು ಮಷೀನಿನ ಕಡೆ ಕೈ ತೋರಿಸಿದರು, ರೂಢಿ ನೋಡಿ.

"ಹೋದ ತಿಂಗಳ ನಾ ಹತ್ತು ನಿಮಿಷ ತಡಾ ಮಾಡಿ ಬಂದಿದ್ನಿ," ಅಂದಳು ರಸೂಲಬಿ. "ಬಸ್ಸು ಕೆಟ್ಟಿತ್ತು. ಕೈ ಮುಗದ್ನಿ. ಮಷೀನ ಒಪ್ಪಿದ್ರ ನಾ ಯಾರು ಬ್ಯಾಡನ್ನಾಕ ಅಂದ್ರಿ. ಈಗ ನಾವೂ ಅದನ್ನ ಅಂತೀವ್ರಿ. ಮಷೀನ ಒಪ್ಪಲಿ, ಒಳಗ ಬರ್ತೀವಿ."

ರಸ್ತೆಯ ಆಚೆ ಬೇವಿನ ಮರ. ನಲವತ್ತೆರಡು ಜನ ಹೋಗಿ ಅದರ ಕೆಳಗೆ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಬುತ್ತಿ ಬಿಚ್ಚಿದರು. ಬೆಳಿಗ್ಗೆ ತೊಳೆದ ಕೈ, ಖಾರ ಮುಟ್ಟದ ಕೈ, ಅದರಲ್ಲಿ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ತಿಂದರು. ಸುರೇಖಾ ಹೆದರಿಕೆಯಿಲ್ಲದೆ ಕೂಸಿನ ಮುಖ ಸವರಿದಳು. ಸುಗ್ಗಿ ಶುರುವಾದ ಮೇಲೆ ಅವರಿಗೆ ಇಂಥ ಒಪ್ಪತ್ತು ಸಿಕ್ಕಿರಲಿಲ್ಲ.

ಒಳಗೆ ನಾನು ಕಿರಣಕುಮಾರನಿಗೆ ಫೋನು ಹಚ್ಚಿದೆ. ಸಾವಕಾರ್ರು ಸ್ಪೀಕರ್ ಹಾಕು ಅಂದರು.

"ಯಾರನ್ನರ ತಗದ್ರೇನು ಮೇಡಂ?" ಅಂದ ಅವನು.

"ಒಬ್ಬಾಕಿನ್ನ."

"ತಲಿಮ್ಯಾಲಿನ ಅಂಕಿ ತಿದ್ದಿದ್ರಿ?"

"ಇಲ್ಲ."

ಆ ಕಡೆಯಿಂದ ಗೊಳ್ಳನೆ ನಗು ಬಂತು. "ಅದಕ್ಕ ರೀ! ತಲಿಗೆ ನಲವತ್ತೆರಡು ಅಂತೈತಿ. ಮಷೀನ ಒಳಗ ಎಣಸ್ತೈತಿ, ನಲವತ್ತೊಂದ ಸಿಗ್ತಾರ. ಒಬ್ಬಾಕಿ ಎಲ್ಲಿ ಹೋದ್ಲು ಅಂತ ಅದಕ್ಕ ಗೊತ್ತಾಗೂದಿಲ್ಲ. ಗೊತ್ತಾಗಲಿಲ್ಲಂದ್ರ ಅದು ಉಳಿದವರನ್ನೂ ನಂಬೂದಿಲ್ಲ. ಇಡೀ ಸಾಲ ಒಗದಬಿಡ್ತೈತಿ."

"ಈಗೇನ ಮಾಡೂದು?"

"ಎರಡ ದಾರಿ ಅದಾವ. ಆಕಿನ್ನ ತಿರಗಿ ಹಾಕ್ರಿ. ಇಲ್ಲಾ ತಲಿಮ್ಯಾಲ ನಲವತ್ತೊಂದ ಅಂತ ಮಾಡ್ರಿ. ಒಂದ ಅಂಕಿ. ಮುಗೀತು."

ಸಾವಕಾರ್ರ ಮುಖ ಅರಳಿತು. "ಕೇಳಿದಿಲ್ಲ? ನಲವತ್ತೊಂದ ಮಾಡು."

ಎರಡು ಇದ್ದಲ್ಲಿ ಒಂದು. ಒಂದು ಬೆರಳಿನ ಕೆಲಸ. ಬೆರಳು ಎತ್ತಿದೆ. ಕಿಟಕಿಯಾಚೆ ಮುತ್ತವ್ವ ಏನೋ ಕಥೆ ಹೇಳುತ್ತಿದ್ದಳು, ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಎತ್ತಿದ ಬೆರಳು ಮಡಚಿಕೊಂಡೆ.

"ಈಗ ಬಂದೆ ಸರ್," ಅಂದು ಎದ್ದು ಹೊರಗೆ ನಡೆದೆ. "ಎಲ್ಲಿ ಹೊಂಟಿ?" ಅಂತ ಅವರು ಕೂಗಿದರು. ತಿರುಗಿ ನೋಡಿದ್ದರೆ ಹಿಂದೆ ಹೋಗುತ್ತಿದ್ದೆ, ಅದಕ್ಕೆ ನೋಡಲಿಲ್ಲ.

ಬೇವಿನ ಮರದ ಕೆಳಗೆ ನಿಂತು ಹೇಳಿದೆ. "ಮಷೀನಿಂದು ತಪ್ಪಿಲ್ಲ. ಮುತ್ತವ್ವನ ಹೆಸರು ನಿನ್ನೆ ನಾನ ತಗದೆ. ಸಾವಕಾರ್ರು ತಗಿ ಅಂದ್ರು, ತಗದೆ. ಒಬ್ಬಾಕಿ ಹೋದ್ಲು ಅಂತ ಎಲ್ಲಾರದೂ ಹೋಗೇತಿ. ಈಗ ಮ್ಯಾಲಿನ ಅಂಕಿ ನಲವತ್ತೊಂದ ಮಾಡಂತಾರ. ಮಾಡಿದ್ರ ನಿಮಗೆಲ್ಲ ಹಸರು ಬರ್ತೈತಿ. ಮುತ್ತವ್ವನ ಬಿಟ್ಟು."

 ಬೈಯಲಿ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಮುತ್ತವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ನಿಲ್ಲಿಸಿದಳು. "ನಾ ಎಷ್ಟನೇದಾಕಿ ಇದ್ನಿ ಅದರಾಗ?"

"ಏಳನೇದಾಕಿ."

"ನೀ ಎಷ್ಟನೇದಾಕಿ?"

"ನಂದು ಅದರಾಗ ಇಲ್ಲ. ನಾ ಆಫೀಸಿನಾಕಿ."

"ಹಂಗನ್ನು. ಅದಕ್ಕ ನಿನಗ ಅಳಸಾಕ ಕೈ ಬಂತು," ಅಂದಳು ಸಾವಧಾನವಾಗಿ. ಆಮೇಲೆ ಎಲೆ ಮಡಚಿ ಬಾಯಿಗಿಟ್ಟುಕೊಂಡು ಪಕ್ಕಕ್ಕೆ ತಿರುಗಿದಳು. "ಏನ ರಸೂಲಬಿ, ನಾ ಒಬ್ಬಾಕಿ ಎದ್ದರ ನಲವತ್ತೊಂದ ಮಂದಿ ಬೀಳ್ತೀರಂತ! ಇಷ್ಟು ವಜ್ಜಿ ಅದೀನಿ ಅಂತ ನನಗ ಗೊತ್ತಿರಲಿಲ್ಲ ನೋಡು."

ಎಲ್ಲರೂ ನಕ್ಕರು. ನನಗೆ ಮಾತ್ರ ಕಣ್ಣೀರು ಬಂತು. ಖಾರದ್ದು ಅಂತ ಹೇಳುವಂತೆಯೂ ಇರಲಿಲ್ಲ.

ಅಷ್ಟರಲ್ಲಿ ಅಲ್ಲಾಬಕ್ಷ ಗೇಟಿನಿಂದ ಕೂಗಿದ, "ಸರೀ ಆತು! ಮಷೀನ ಸರೀ ಆತು! ಬರ್ರಿ!" ಸಾವಕಾರ್ರು ತಾವೇ ನನ್ನ ಕುರ್ಚಿಯಲ್ಲಿ ಕೂತು, ತಮ್ಮ ಬೆರಳಿನಿಂದಲೇ ಅಂಕಿ ತಿದ್ದಿದ್ದರು. ಈಗ ಗೇಟಿಗೆ ಬಂದು ನಗುತ್ತ ನಿಂತಿದ್ದರು.

ರಸೂಲಬಿ ಎದ್ದು ಸೀರೆ ಕೊಡವಿದಳು. ಗೇಟಿನ ಕಡೆ ನಡೆದಳು. ಅವಳ ಹಿಂದೆ ಸುರೇಖಾ, ಅವಳ ಹಿಂದೆ ಉಳಿದವರು. ಮುತ್ತವ್ವ ಒಬ್ಬಳೇ ಮರದ ಕೆಳಗೆ ಉಳಿದಳು. ಮುಗಿಯಿತು ಅಂದುಕೊಂಡೆ. ಯಾರನ್ನೂ ದೂರುವಂತಿರಲಿಲ್ಲ. ಮನೆಯಲ್ಲಿ ಒಲೆ ಎಲ್ಲರಿಗೂ ಇದೆ.

ರಸೂಲಬಿ ಮಷೀನಿನ ಮುಂದೆ ನಿಂತಳು. ಬೆಳಿಗ್ಗೆಯಿಂದ ಕಾಯಿ ಮುಟ್ಟದ ಎರಡೂ ಕೈ ಸೆರಗಿನೊಳಗೆ ಇದ್ದವು.

"ಅಲ್ಲಾಬಕ್ಷ ಭಾಯ್, ಕೈ ಭಾಳ ಖಾರ ಅದಾವು. ನಿನ್ನ ಮಷೀನಿಗೆ ಹತ್ತಿದ್ರ ಅದೂ ಸೀನ್ತೈತಿ. ತೊಳಕೊಂಡು ಇಡ್ತೀನಿ. ನೀರ ಎಲ್ಲೈತಿ ಹೇಳು."

ಅಲ್ಲಾಬಕ್ಷ ಸಾವಕಾರ್ರ ಮುಖ ನೋಡಿದ. ಸಾವಕಾರ್ರು ಆಕಾಶ ನೋಡಿದರು. ರಸೂಲಬಿ ಪಕ್ಕಕ್ಕೆ ಸರಿದಳು. ಸುರೇಖಾ ಬಂದಳು.

"ನನ್ನ ಕೈನೂ ಖಾರ ಅದಾವ್ರಿ. ನೀರ ಎಲ್ಲೈತ್ರಿ?"

ಮೂರನೆಯವಳು, ನಾಲ್ಕನೆಯವಳು. ಒಬ್ಬೊಬ್ಬರೂ ಮಷೀನಿನ ತನಕ ಬಂದರು, ಸಭ್ಯವಾಗಿ ನಿಂತರು, ನೀರು ಕೇಳಿದರು, ಪಕ್ಕಕ್ಕೆ ಸರಿದರು. ಹಸಿರು ದೀಪ ಕಾಯುತ್ತಲೇ ಇತ್ತು. ಇಪ್ಪತ್ತನೆಯವಳ ಹೊತ್ತಿಗೆ ಅಲ್ಲಾಬಕ್ಷನಿಗೆ ತಡೆಯಲಾಗದೆ ಟೊಪ್ಪಿಗೆ ಮುಖಕ್ಕೆ ಹಿಡಿದುಕೊಂಡು ನಗತೊಡಗಿದ. ನಲವತ್ತೊಂದು ಸಲ ಕೇಳಿ ಆಯಿತು.

"ಒಬ್ಬಾಕಿ ಸಲುವಾಗಿ ಇಷ್ಟು ಹಟ ಏನ್ರೇ?" ಅಂದರು ಸಾವಕಾರ್ರು. ನಾನು ಕಂಡಂತೆ ಅವರ ನಗು ಮಾಸಿದ್ದು ಅದೇ ಮೊದಲು.

"ಒಬ್ಬಾಕಿ ಅಲ್ರಿ," ಅಂದಳು ರಸೂಲಬಿ. "ಇವತ್ತ ನಲವತ್ತೊಂದ ಮಾಡೀರಿ. ನಾಳೆ ನಲವತ್ತ ಮಾಡ್ತೀರಿ. ಅಂಕಿ ತಿದ್ದೂದು ನಿಮಗ ಈಗ ಕಲ್ತಂಗಾತಲ್ಲ. ನಮ್ಮೊಳಗ ಯಾರರ ಎದ್ದು ಹೋದ್ರ ಆಕಿ ಬುಟ್ಟ್ಯಾಗ ಒಂದೊಂದ ಹಿಡಿ ಹಾಕ್ತೀವ್ರಿ. ಬುಟ್ಟೀನ ತಗದ ಒಗ್ಯಾಕ ಬಿಡೂದಿಲ್ಲ."

ಲಾರಿ ಹನ್ನೆರಡಕ್ಕೆ ಬಂತು. ಚಾಲಕ ಒಂದರ ತನಕ ಮಲಗಿದ, ಆಮೇಲೆ ಹಾರ್ನು ಹೊಡೆಯಲು ಶುರು ಮಾಡಿದ. ಕಂಪನಿಯಿಂದ ಎರಡು ಸಲ ಫೋನು ಬಂತು. ಎರಡು ಗಂಟೆಗೆ ಸಾವಕಾರ್ರು ಆಫೀಸಿಗೆ ಬಂದು, ಗೋಡೆಗೆ ಹೇಳುವಂತೆ ನನಗೆ ಹೇಳಿದರು, "ಹಾಕು ಆಕಿನ್ನ."

ಕಿರಣಕುಮಾರ ತನ್ನಲ್ಲಿದ್ದ ಹಳೆಯ ಪ್ರತಿ ನೋಡಿ ಫೋನಿನಲ್ಲಿ ಒಂದೊಂದೇ ಚುಕ್ಕೆ, ಒಂದೊಂದೇ ಕೊಕ್ಕೆ ಹೇಳುತ್ತ ಹೋದ. ನಾನು ಏಳನೆಯ ಜಾಗದಲ್ಲೇ ಮುತ್ತವ್ವನನ್ನು ಬರೆದೆ. ತಲೆಯ ಅಂಕಿ ನಲವತ್ತೆರಡು ಮಾಡಿದೆ. ಉಳಿಸಿದೆ. ಹೊರಗೆ ಮುತ್ತವ್ವ ಬೆರಳಿಟ್ಟಳು, ಹಸಿರು ಬಂತು, ಹೆಂಗಸರು ಹೋ ಅಂದರು. ಮುತ್ತವ್ವ ಮಾತ್ರ ಒಳಗೆ ಬರಲಿಲ್ಲ. ಗೇಟಿನಲ್ಲೇ ನಿಂತು ಎರಡೂ ಅಂಗೈ ಚಾಚಿದಳು.

"ನೀರ್ರಿ ಸಾವಕಾರ್ರ?"

ಸಾವಕಾರ್ರ ಫೋನು ಹೋದ ಮೇಲೆ ದುರಗಪ್ಪ ಅಂತ ನಲ್ಲಿ ಕೆಲಸದವನು ಸ್ಕೂಟರಿಗೆ ಪೈಪು ಕಟ್ಟಿಕೊಂಡು ಬಂದ. ಟ್ಯಾಂಕಿಯಿಂದ ಗೋಡೆಯ ತನಕ ಪೈಪು ಎಳೆದು, ಕಿತ್ತ ನಲ್ಲಿಯನ್ನು ತಿರುಗಿ ಕೂರಿಸಿದ, ನೀರು ಬಂತು. ಮೂವತ್ತೈದು ನಿಮಿಷದ ಕೆಲಸ. ಈ ಮೂವತ್ತೈದು ನಿಮಿಷಕ್ಕಾಗಿ ನಲವತ್ತೆರಡು ಹೆಂಗಸರು ಎರಡು ಸುಗ್ಗಿ ಕೈ ಉರಿಸಿಕೊಂಡಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಹೆಂಗಸರು ಕೂತರು, ಬುಟ್ಟಿಗಳು ಓಡಿದವು. ನನ್ನ ಪರದೆಯ ಮೇಲೆ ಫಾರ್ಮು ಇನ್ನೂ ತೆರೆದೇ ಇತ್ತು. ಉದ್ದ ಸಾಲನ್ನು ಕೊನೆಯ ತನಕ ಸರಿಸಿಕೊಂಡು ಹೋದೆ. ಕಂಸ ಮುಚ್ಚುವ ಮೊದಲು ಒಂದು ಹೆಸರು ಬರೆದೆ, ಊರು ಬರೆದೆ, ಬೆರಳಿನ ಗುರುತು ಹಾಕಿದೆ. ಈ ಸಲ ತಲೆಯ ಅಂಕಿ ಮರೆಯಲಿಲ್ಲ. 'ಉಳಿಸು' ಒತ್ತಿದೆ. ಚೀಟಿಗಳು ಮುದ್ರಣವಾಗತೊಡಗಿದವು.

ಮೊದಲನೇ ಚೀಟಿ ಕೈಗೆತ್ತಿಕೊಂಡ ಸಾವಕಾರ್ರು ಹುಬ್ಬು ಗಂಟು ಹಾಕಿದರು.

"ನಲವತ್ತಮೂರು ಅಂತ ಬಂದೈತಲ್ಲ? ಇದ್ಯಾರು ಕಡೀಗೆ?"

"ನಾನ್ರಿ."

"ನೀ ಆಫೀಸಿನಾಕಿ ಅಲ್ಲೇನು?"

"ಕುರ್ಚಿ ಆಫೀಸಿಂದ್ರಿ. ನಾ ಮಂಗಳವ್ವನ ಮಗಳು."

"ಏಳು ಅಲ್ಲಿಂದ," ಅಂದರು. ನಾನು ಎದ್ದೆ. ಅವರು ಕೂತು ಕೀಲಿಮಣೆ ಎಳೆದುಕೊಂಡು ಸಾಲಿನ ತುದಿ ಹುಡುಕಿದರು. ನನ್ನ ಹೆಸರು ನೀಲಿಯಾಯಿತು.

"ತಗೀರಿ," ಅಂದೆ.  "ಆಮ್ಯಾಲ ತಲಿಮ್ಯಾಲಿನ ಅಂಕಿನೂ ನೀವ ತಿದ್ರಿ. ಹೊರಗ ಕುಂತಾರಲ್ಲ, ಯಾಕ ತಗದ್ನಿ ಅಂತ ಅವರಿಗೂ ನೀವ ಹೋಗಿ ಹೇಳ್ರಿ."

ಸಾವಕಾರ್ರ ಬೆರಳು ಅಳಿಸುವ ಕೀಲಿಯ ಮೇಲೆ ನಿಂತಿತು. ಹೊರಗೆ ನಲವತ್ತೆರಡು ಜೊತೆ ಕೈ ತುಂಬು ಮುರಿಯುವ ಸದ್ದು ಕೇಳುತ್ತಿತ್ತು. ಲಾರಿಯವನು ಮತ್ತೆ ಹಾರ್ನು ಹೊಡೆದ.

ಅವರು ಬೆರಳು ಹಿಂದಕ್ಕೆ ತೆಗೆದುಕೊಂಡರು.